ತಿರುಗಲೊಲ್ಲದ ಹಳೆಯ ಹಾರ್ಡ್ ಡಿಸ್ಕ್: ಮಾಡಬೇಕಾದುದು, ಮಾಡಬಾರದುದು

ಹೊರನಾಡ ಕನ್ನಡ ಸಂಘಗಳ ಕಚೇರಿಗಳಲ್ಲಿಯೂ ನಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಬಳಕೆ ತಪ್ಪಿದ ಹಳೆಯ ಗಣಕಯಂತ್ರವೊಂದು ಮೂಲೆ ಹಿಡಿದಿರುವುದು ಸಾಮಾನ್ಯ. ಅದರೊಳಗಿನ ಹಾರ್ಡ್ ಡಿಸ್ಕ್‌ನಲ್ಲಿ ಸ್ಮರಣ ಸಂಚಿಕೆಯ ಪುಟಗಳು, ರಾಜ್ಯೋತ್ಸವದ ಛಾಯಾಚಿತ್ರಗಳು, ನಾಟಕ ಹಾಗೂ ಯಕ್ಷಗಾನ ಪ್ರದರ್ಶನಗಳ ಧ್ವನಿಮುದ್ರಣ, ಸದಸ್ಯರ ಪಟ್ಟಿ, ಈಗ ನಮ್ಮೊಡನಿಲ್ಲದ ಹಿರಿಯರ ಬರಹ ಮೊದಲಾದ, ಬೇರೆಲ್ಲಿಯೂ ದೊರೆಯದ ಸಾಮಗ್ರಿ ಉಳಿದಿರುವುದುಂಟು. ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಬಂದಾಗ ಅದರ ನೆನಪಾಗುತ್ತದೆ. ಹಲವು ವರ್ಷಗಳ ಬಳಿಕ ವಿದ್ಯುತ್ ಸಂಪರ್ಕ ಕೊಟ್ಟರೆ ಡಿಸ್ಕ್ ತಿರುಗುವುದೇ ಇಲ್ಲ.

ಇಂಥ ಸಂದರ್ಭದಲ್ಲಿ ಎದೆಗುಂದಬೇಕಾಗಿಲ್ಲ. ಮಾಹಿತಿಯು ಕಾಂತೀಯ ರೂಪದಲ್ಲಿ ತಟ್ಟೆಗಳ ಮೇಲೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ; ಕೆಟ್ಟಿರುವುದು ಆ ತಟ್ಟೆಗಳನ್ನು ತಿರುಗಿಸುವ ವ್ಯವಸ್ಥೆ. ಅನೇಕ ಸಲ ಮಾಹಿತಿ ಶಾಶ್ವತವಾಗಿ ನಾಶವಾಗುವುದು ಆ ಬಳಿಕ ನಡೆಯುವ ಅವಸರದ ಪ್ರಯತ್ನಗಳಿಂದ. ಆದುದರಿಂದ ಯಾವ ಪರೀಕ್ಷೆಯನ್ನು ಮೊದಲು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಕ್ರಮವನ್ನು ತಿಳಿದಿರುವುದು ಅಗತ್ಯ.

ಒಳಗಿನ ರಚನೆ

ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಐಬಿಎಂ ಸಂಸ್ಥೆಯ ರಾಮ್ಯಾಕ್ ಗಣಕದೊಡನೆ 1956ರಲ್ಲಿ ಬಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಲ್ಲಿ ಅದು ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕ್‌ಗೂ ಮೂಲತತ್ತ್ವ ಅದೇ. ಕಾಂತೀಯ ಲೇಪವುಳ್ಳ ತಟ್ಟೆಗಳನ್ನು ಒಂದು ಮೋಟಾರು ತಿರುಗಿಸುತ್ತದೆ. ತೋಳಿನ ತುದಿಯಲ್ಲಿರುವ, ಹೆಡ್ ಎಂದು ಕರೆಯಲಾಗುವ ಅತಿ ಸೂಕ್ಷ್ಮ ಅಂಗವು ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತ ಓದುತ್ತದೆ, ಬರೆಯುತ್ತದೆ. ಡಿಸ್ಕ್‌ನ ಕೆಳಭಾಗದ ಹಸಿರು ಅಥವಾ ನೀಲಿ ಬಣ್ಣದ ಸರ್ಕ್ಯೂಟ್ ಬೋರ್ಡ್ ಇವೆಲ್ಲವನ್ನೂ ನಿಯಂತ್ರಿಸುತ್ತದೆ.

ಮನೆಬಳಕೆಯ ಡಿಸ್ಕ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. 7,200 ಸುತ್ತಿನ ಮೂರೂವರೆ ಅಂಗುಲದ ಡಿಸ್ಕ್‌ನಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಹೊಸ ಡಿಸ್ಕ್‌ಗಳಲ್ಲಿ ಹೆಡ್ ಮತ್ತು ತಟ್ಟೆಯ ನಡುವಣ ಅಂತರ ಕೆಲವೇ ನ್ಯಾನೋಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಇದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಕಣ್ಣಿಗೆ ಕಾಣದ ಧೂಳಿನ ಕಣವೂ ಇಲ್ಲಿ ಬಂಡೆಯಂತೆ ಅಡ್ಡ ಬರುತ್ತದೆ ಎಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

ಮೊದಲ ಪ್ರಶ್ನೆ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಡಿಸ್ಕ್‌ನಲ್ಲಿರುವುದಕ್ಕೆ ಬೇರೆ ಪ್ರತಿ ಇದೆಯೆ? ಸಿ.ಡಿ.ಗಳಲ್ಲಿ, ಹಳೆಯ ಮಿಂಚಂಚೆಗಳಲ್ಲಿ, ಮುದ್ರಣಾಲಯದವರ ಬಳಿಯಲ್ಲಿ, ಅಂದಿನ ಪದಾಧಿಕಾರಿಗಳ ಮನೆಯಲ್ಲಿ ಮೊದಲು ವಿಚಾರಿಸಬೇಕು. ಪ್ರತಿ ಇದ್ದರೆ ಡಿಸ್ಕ್‌ನ ಮೇಲೆ ಯಾವ ಪ್ರಯೋಗವನ್ನಾದರೂ ಮಾಡಬಹುದು. ಪ್ರತಿ ಇಲ್ಲದಿದ್ದರೆ, ಕಳೆದುಹೋದರೆ ಸಹಿಸಬಹುದಾದ ವಸ್ತುವೇ ಅಲ್ಲವೇ ಎಂಬುದನ್ನು ಸಂಬಂಧಪಟ್ಟವರೆಲ್ಲರೂ ಕೂಡಿ ನಿರ್ಧರಿಸತಕ್ಕದ್ದು. ಸಹಿಸಲಾಗದ್ದಾದರೆ ವಿದ್ಯುತ್ ಪೂರೈಕೆಯನ್ನು ಪರೀಕ್ಷಿಸಿ, ಅದರಿಂದ ಫಲ ಕಾಣದಿದ್ದಲ್ಲಿ ಅಲ್ಲಿಗೇ ನಿಲ್ಲಿಸಿ ತಜ್ಞರ ಬಳಿಗೆ ಒಯ್ಯುವುದು ವಿವೇಕ.

ಸದ್ದನ್ನು ಆಲಿಸುವುದು

ಡಿಸ್ಕನ್ನು ಮೇಜಿನ ಮೇಲೆ ಸಮತಟ್ಟಾಗಿಟ್ಟು, ಸಂಪರ್ಕ ಕೊಡುವಾಗ ಬೆರಳ ತುದಿಯನ್ನು ಅದರ ಪಕ್ಕಕ್ಕೆ ತಾಗಿಸಿ ಗಮನಿಸಬೇಕು. ಮುಖ್ಯವಾಗಿ ನಾಲ್ಕು ಬಗೆಯ ಲಕ್ಷಣಗಳು ಕಂಡುಬರುತ್ತವೆ.

ಸಂಪೂರ್ಣ ಮೌನ, ಕಂಪನವೂ ಇಲ್ಲ: ವಿದ್ಯುತ್ ತಲಪುತ್ತಿಲ್ಲ, ಇಲ್ಲವೆ ಸರ್ಕ್ಯೂಟ್ ಬೋರ್ಡ್ ಕೆಟ್ಟಿದೆ. ನಾಲ್ಕರಲ್ಲಿ ಹೆಚ್ಚು ಆಶಾದಾಯಕವಾದ ಲಕ್ಷಣವಿದು.

ಕ್ಷೀಣವಾದ ಗುಂಯ್ ಸದ್ದು ಅಥವಾ ಬೀಪ್‌ನಂತಹ ಸದ್ದು ಬಂದು ನಿಲ್ಲುವುದು: ಮೋಟಾರು ತಿರುಗಲು ಹೆಣಗುತ್ತಿದೆ, ಏನೋ ಹಿಡಿದುಕೊಂಡಿದೆ. ಹೆಡ್ ತಟ್ಟೆಗೆ ಅಂಟಿರಬಹುದು, ಬೇರಿಂಗ್ ಬಿಗಿದಿರಬಹುದು.

ತಿರುಗಲಾರಂಭಿಸಿ ಮತ್ತೆ ಮತ್ತೆ ನಿಲ್ಲುವುದು: ಶಕ್ತಿ ಸಾಲದಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಚೆನ್ನಾಗಿ ತಿರುಗಿ ಟಕ್ ಟಕ್ ಎಂದು ಬಡಿಯುವುದು: ಮೋಟಾರು ಸರಿಯಾಗಿದೆ, ಹೆಡ್‌ಗೆ ಓದಲಾಗುತ್ತಿಲ್ಲ. ವಿದ್ಯುತ್ ಪೂರೈಕೆ ಸರಿಯಿದ್ದೂ ಈ ಸದ್ದು ಬಂದರೆ ತಕ್ಷಣ ಸಂಪರ್ಕ ತೆಗೆಯಬೇಕು. ಹಾನಿಗೊಂಡ ಹೆಡ್ ಪ್ರತಿ ಸುತ್ತಿಗೂ ಲೇಪವನ್ನು ಕೆರೆಯುತ್ತಿರುವ ಸಂಭವವಿದೆ.

ವಿದ್ಯುತ್ ಪೂರೈಕೆಯ ಪರೀಕ್ಷೆ

ಮೇಜುಗಣಕದ ಮೂರೂವರೆ ಅಂಗುಲದ ಡಿಸ್ಕ್‌ಗೆ ಎರಡು ಬಗೆಯ ವಿದ್ಯುತ್ ಬೇಕು. ಮೋಟಾರಿಗೆ 12 ವೋಲ್ಟ್, ಸರ್ಕ್ಯೂಟಿಗೆ 5 ವೋಲ್ಟ್. ಎಸ್‌ಎಂಪಿಎಸ್‌ನಿಂದ ಬರುವ ತಂತಿಗಳಲ್ಲಿ ಹಳದಿಯದು 12 ವೋಲ್ಟ್, ಕೆಂಪಿನದು 5 ವೋಲ್ಟ್, ಕಪ್ಪಿನವು ಭೂಸಂಪರ್ಕ. ನಿಶ್ಚಲವಾದ ತಟ್ಟೆಗಳನ್ನು ಚಲನೆಗೆ ತರುವಾಗ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್‌ನಷ್ಟು ವಿದ್ಯುತ್ ಬೇಕಾಗುತ್ತದೆ. ತಿರುಗಲಾರಂಭಿಸಿದ ಬಳಿಕ ಅದು ಬಹಳ ಇಳಿಯುತ್ತದೆ. ಹತ್ತಾರು ವರ್ಷಗಳ ಹಳೆಯ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳು ಉಬ್ಬಿ ದುರ್ಬಲವಾಗಿದ್ದರೆ ಆ ಮೊದಲ ಕ್ಷಣದ ಹೊರೆಯನ್ನು ಹೊರಲಾರವು. ಆದ್ದರಿಂದ ಹಳೆಯ ಗಣಕದಲ್ಲಿ ಡಿಸ್ಕ್ ತಿರುಗಲಿಲ್ಲವೆಂದು ತೀರ್ಮಾನಿಸುವ ಮೊದಲು, ಸುಸ್ಥಿತಿಯಲ್ಲಿರುವ ಇನ್ನೊಂದು ಗಣಕದ ಎಸ್‌ಎಂಪಿಎಸ್‌ಗೆ ಜೋಡಿಸಿ ನೋಡಬೇಕು.

ಪರೀಕ್ಷೆಯ ವೇಳೆ ಮಾಹಿತಿ ಒಯ್ಯುವ ಕೇಬಲನ್ನು ಬಿಚ್ಚಿ, ವಿದ್ಯುತ್ ಕೇಬಲನ್ನು ಮಾತ್ರ ಸೇರಿಸುವುದು ಉತ್ತಮ. ಮನೆಬಳಕೆಯ ಬಹುತೇಕ ಡಿಸ್ಕ್‌ಗಳು ಇಷ್ಟರಿಂದಲೇ ತಿರುಗಲಾರಂಭಿಸುತ್ತವೆ. ತಿರುಗಿದರೆ ತೊಂದರೆಯಿರುವುದು ಕೇಬಲ್‌ನಲ್ಲಿ, ಜಂಪರ್‌ನ ಹೊಂದಾಣಿಕೆಯಲ್ಲಿ ಅಥವಾ ಗಣಕದಲ್ಲಿ. ಹಳೆಯ ಐಡಿಇ ಡಿಸ್ಕ್‌ಗಳ ನಾಲ್ಕು ಕಡ್ಡಿಯ ವಿದ್ಯುತ್ ಪ್ಲಗ್ಗನ್ನು ಬಲವಂತದಿಂದ ತಿರುವುಮುರುವಾಗಿ ತುರುಕಿದರೆ 5 ವೋಲ್ಟ್ ಹೋಗಬೇಕಾದೆಡೆ 12 ವೋಲ್ಟ್ ಹೋಗಿ ಬೋರ್ಡ್ ಸುಟ್ಟುಹೋಗುತ್ತದೆ. ಪ್ಲಗ್ಗಿನ ಎರಡು ಮೂಲೆಗಳು ಓರೆಯಾಗಿ ಕತ್ತರಿಸಿರುವುದು ದಿಕ್ಕನ್ನು ತೋರಿಸುವುದಕ್ಕಾಗಿಯೇ.

ಲ್ಯಾಪ್‌ಟಾಪ್‌ಗಳ ಮತ್ತು ಜೇಬಿನ ಗಾತ್ರದ ಹೊರ ಡಿಸ್ಕ್‌ಗಳ ಎರಡೂವರೆ ಅಂಗುಲದ ಡಿಸ್ಕ್‌ಗೆ 5 ವೋಲ್ಟ್ ಸಾಕು. ಆದರೆ ತಿರುಗುವ ಮೊದಲ ಕ್ಷಣದಲ್ಲಿ ಅದಕ್ಕೆ ಸುಮಾರು 1 ಆಂಪಿಯರ್ ಬೇಕಾಗಬಹುದು. ಯುಎಸ್‌ಬಿ 2.0 ಕಿಂಡಿಯ ನಿಗದಿತ ಮಿತಿ ಅರ್ಧ ಆಂಪಿಯರ್, ಯುಎಸ್‌ಬಿ 3.0ರದು 0.9 ಆಂಪಿಯರ್. ಉದ್ದನೆಯ ಕೇಬಲ್ ಹಾಗೂ ಕ್ಯಾಬಿನೆಟ್‌ನ ಮುಂಭಾಗದ ಕಿಂಡಿ ಎರಡೂ ಸೇರಿದರೆ ಒಳ್ಳೆಯ ಡಿಸ್ಕ್ ಕೂಡ ತಿರುಗದೆ ಹೋಗಬಹುದು. ಗಿಡ್ಡನೆಯ ಹೊಸ ಕೇಬಲ್‌ನಿಂದ ಗಣಕದ ಹಿಂಭಾಗದ ಕಿಂಡಿಗೆ ಸೇರಿಸಿ ನೋಡಬೇಕು. ಪ್ರತ್ಯೇಕ ಅಡಾಪ್ಟರ್ ಬೇಕಾದ ದೊಡ್ಡ ಹೊರ ಡಿಸ್ಕ್‌ಗಳಲ್ಲಿ ಮೊದಲು ಕೆಡುವುದು ಹೆಚ್ಚಾಗಿ ಆ ಅಡಾಪ್ಟರೇ. ಬದಲಿ ಅಡಾಪ್ಟರಿನ ವೋಲ್ಟ್ ಮತ್ತು ಧ್ರುವತೆ ಮೂಲದಂತೆಯೇ ಇರಬೇಕು. ಆಂಪಿಯರ್ ಮೂಲದಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ.

ಹೊರ ಡಿಸ್ಕ್‌ನ ಕೇಸಿಂಗ್ ಕೆಟ್ಟಿದೆಯೆಂದು ಕಂಡರೆ ಡಿಸ್ಕನ್ನು ಹೊರತೆಗೆದು ನೇರವಾಗಿ ಗಣಕಕ್ಕೆ ಜೋಡಿಸುವುದುಂಟು. ಕೆಲವು ಮಾದರಿಗಳಲ್ಲಿ ಕೇಸಿಂಗ್‌ನ ಪುಟ್ಟ ಬೋರ್ಡೇ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿ ಬರೆದಿರುತ್ತದೆ. ಅಂಥವುಗಳಲ್ಲಿ ನೇರ ಜೋಡಣೆಯಿಂದ ಏನೂ ಓದಲು ಬರುವುದಿಲ್ಲ. ಆದುದರಿಂದ ಕೇಸಿಂಗನ್ನು ಎಸೆಯದೆ ಡಿಸ್ಕ್‌ನ ಜೊತೆಗೇ ಇರಿಸಿಕೊಳ್ಳಬೇಕು.

ಸರ್ಕ್ಯೂಟ್ ಬೋರ್ಡ್‌ನ ದೋಷಗಳು

ಪೂರೈಕೆ ಸರಿಯಿದ್ದೂ ಮೌನ ಮುಂದುವರಿದರೆ ಬೋರ್ಡ್‌ನತ್ತ ಗಮನ ಹರಿಸಬೇಕು. ಅನೇಕ ಡಿಸ್ಕ್‌ಗಳ ಬೋರ್ಡ್‌ನಲ್ಲಿ ವಿದ್ಯುತ್ ಕಿಂಡಿಯ ಬಳಿ ಅಧಿಕ ವೋಲ್ಟ್ ತಡೆಯುವ ಟಿವಿಎಸ್ ಡಯೋಡ್‌ಗಳಿರುತ್ತವೆ. ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರನ್ನು ಅರಿಯದೆ 12 ವೋಲ್ಟ್ ಡಿಸ್ಕ್‌ಗೆ ಚುಚ್ಚಿದಾಗ ಈ ಡಯೋಡ್ ತಾನು ಶಾರ್ಟ್ ಆಗಿ ಉಳಿದ ಭಾಗಗಳನ್ನು ಕಾಪಾಡುತ್ತದೆ. ಆ ಬಳಿಕ ಡಿಸ್ಕ್ ನಿಶ್ಶಬ್ದ. ವಿದ್ಯುತ್ ಇಲ್ಲದಿರುವಾಗ ಮಲ್ಟಿಮೀಟರ್‌ನಿಂದ ಅಳೆದಾಗ ಡಯೋಡ್‌ನ ಎರಡು ತುದಿಗಳ ನಡುವಣ ರೋಧ ಸೊನ್ನೆಗೆ ಹತ್ತಿರವಿದ್ದರೆ ಇದೇ ಕಾರಣವಿರಬಹುದು. ಬೆಸುಗೆ ಬಲ್ಲವರು ಅದನ್ನು ತೆಗೆದರೆ ಡಿಸ್ಕ್ ಮತ್ತೆ ತಿರುಗುವುದುಂಟು. ಕಾವಲು ಇಲ್ಲದ ಆ ಸ್ಥಿತಿಯಲ್ಲಿ ನಂಬಿಕೆಯ ಎಸ್‌ಎಂಪಿಎಸ್‌ನೊಡನೆ ಒಮ್ಮೆ ನಡೆಸಿ, ಮಾಹಿತಿಯನ್ನು ಪ್ರತಿ ಮಾಡಿಕೊಂಡು, ಡಿಸ್ಕ್‌ಗೆ ನಿವೃತ್ತಿ ಕೊಡಬೇಕು.

ಮುಂಬಯಿ, ಚೆನ್ನೈಯಂತಹ ಕಡಲತಡಿಯ ನಗರಗಳಲ್ಲಿ ಇನ್ನೊಂದು ತೊಂದರೆಯಿದೆ. ಬೋರ್ಡ್ ಮತ್ತು ಮೋಟಾರಿನ ನಡುವೆ ವಿದ್ಯುತ್ ಹಾಯುವುದು ಒತ್ತಿ ಕೂರುವ ಪುಟ್ಟ ಲೋಹದ ಸಂಪರ್ಕಗಳ ಮೂಲಕ. ತೇವ ಹಾಗೂ ಉಪ್ಪಿನ ಗಾಳಿಯಿಂದ ಇವು ಕಪ್ಪುಗಟ್ಟುತ್ತವೆ. ನಕ್ಷತ್ರದಾಕಾರದ ತುದಿಯ ಟಾರ್ಕ್ಸ್ ಸ್ಕ್ರೂಡ್ರೈವರ್‌ನಿಂದ ಬೋರ್ಡನ್ನು ಬಿಚ್ಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಬೋರ್ಡ್ ಬದಿಯ ಸಂಪರ್ಕಗಳನ್ನು ಹಗುರವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು. ಮುಟ್ಟುವ ಮೊದಲು ಭೂಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳುವುದನ್ನು ಮರೆಯಬಾರದು. ಬೋರ್ಡ್ ತೆಗೆಯುವುದರಿಂದ ತಟ್ಟೆಗಳ ಕೋಣೆ ತೆರೆಯುವುದಿಲ್ಲ.

ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಬೋರ್ಡನ್ನು ಅಳವಡಿಸಿದರೆ ಸಾಕೆಂಬ ಸಲಹೆ ಬಹಳ ಹಳೆಯ ಡಿಸ್ಕ್‌ಗಳಿಗೆ ಒಪ್ಪುವಂಥದು. ಕಳೆದ ಎರಡು ದಶಕಗಳಲ್ಲಿ ತಯಾರಾದ ಬಹುತೇಕ ಡಿಸ್ಕ್‌ಗಳಲ್ಲಿ ಪ್ರತಿಯೊಂದರದೇ ಆದ ಹೊಂದಾಣಿಕೆಯ ವಿವರಗಳು ಬೋರ್ಡ್‌ನ ಒಂದು ಚಿಪ್‌ನಲ್ಲಿರುತ್ತವೆ. ಅದನ್ನೂ ಹೊಸ ಬೋರ್ಡ್‌ಗೆ ಸ್ಥಳಾಂತರಿಸದೆ ಕೆಲಸ ನಡೆಯದು. ಹಾಗಾಗಿ ಮೂಲ ಬೋರ್ಡ್ ಸುಟ್ಟಿದ್ದರೂ ಅದನ್ನು ಜೋಪಾನವಾಗಿಡಬೇಕು.

ಅಂಟಿಕೊಂಡ ಹೆಡ್, ಬಿಗಿದ ಬೇರಿಂಗ್

1980 ಮತ್ತು 90ರ ದಶಕಗಳ ಡಿಸ್ಕ್‌ಗಳಲ್ಲಿ ವಿದ್ಯುತ್ ನಿಂತಾಗ ಹೆಡ್ ತಟ್ಟೆಯ ಮೇಲೆಯೇ, ಅದಕ್ಕೆಂದು ಮೀಸಲಾದ ಭಾಗದಲ್ಲಿ ಇಳಿದು ಕೂರುತ್ತಿತ್ತು. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಅತಿ ನುಣುಪಾದ ತಟ್ಟೆ ಮತ್ತು ಹೆಡ್ ಹಲವು ವರ್ಷಗಳ ನಿಶ್ಚಲತೆಯಲ್ಲಿ ಅಂಟಿಕೊಳ್ಳುತ್ತವೆ. ಮೋಟಾರಿನ ಬಲಕ್ಕೆ ಅದು ಬಿಡುವುದಿಲ್ಲ. ಮುಂದೆ ಹೆಡ್ಡನ್ನು ತಟ್ಟೆಯ ಹೊರಗೆ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ನಿಲ್ಲಿಸುವ ವ್ಯವಸ್ಥೆ ಬಂದಿತು. ಅದರಲ್ಲಿಯೂ ಪೆಟ್ಟು ಬಿದ್ದಾಗ ಹೆಡ್ ತಟ್ಟೆಯ ಮೇಲೆ ಸಿಕ್ಕಿಕೊಳ್ಳಬಹುದು. ಲ್ಯಾಪ್‌ಟಾಪ್ ಡಿಸ್ಕ್‌ಗಳ ಬೀಪ್ ಸದ್ದಿಗೆ ಇದು ಸಾಮಾನ್ಯ ಕಾರಣ.

ಬೇರಿಂಗ್‌ನ ವಿಷಯವೂ ಹೀಗೆಯೇ. ಹಳೆಯ ಡಿಸ್ಕ್‌ಗಳ ಗುಂಡು ಬೇರಿಂಗ್‌ಗಳಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. 2000ದ ದಶಕದಲ್ಲಿ ಬಳಕೆಗೆ ಹರಡಿದ ದ್ರವ ಬೇರಿಂಗ್‌ಗಳು ಮೌನವಾಗಿ ತಿರುಗುತ್ತವೆ. ಆದರೆ ಡಿಸ್ಕ್ ಬಿದ್ದು ಅಚ್ಚು ಬಾಗಿದರೆ ಬಿಗಿದುಕೊಳ್ಳುತ್ತವೆ. ದೆಹಲಿಯ ಚಳಿಗಾಲದಂತಹ ಹವೆಯಲ್ಲಿ ಎಣ್ಣೆ, ಗ್ರೀಸ್‌ಗಳು ಇನ್ನಷ್ಟು ದಪ್ಪವಾಗುವುದರಿಂದ, ತಣ್ಣಗಿನ ಕೋಣೆಯಲ್ಲಿದ್ದ ಡಿಸ್ಕನ್ನು ಬೆಚ್ಚಗಿನ ಕೋಣೆಯಲ್ಲಿ ಕೆಲವು ಗಂಟೆಗಳ ಕಾಲ ಬಿಟ್ಟು ಬಳಿಕ ಸಂಪರ್ಕ ಕೊಡುವುದು ಹಾನಿಯಿಲ್ಲದ ಉಪಾಯ.

ಮನೆಮದ್ದುಗಳ ಬಗೆಗೆ

ಡಿಸ್ಕನ್ನು ಫ್ರೀಜರ್‌ನಲ್ಲಿಡುವ ಸಲಹೆ ಇಂದಿಗೂ ಬಾಯಿಂದ ಬಾಯಿಗೆ ಹರಡುತ್ತಿದೆ. ತಣ್ಣಗಾದ ಡಿಸ್ಕ್ ಹೊರಗೆ ಬಂದೊಡನೆ, ನಮ್ಮ ಆರ್ದ್ರ ಹವೆಯಲ್ಲಿ ಬೋರ್ಡ್‌ನ ಮೇಲೆಯೂ ತಟ್ಟೆಯ ಮೇಲೆಯೂ ನೀರಹನಿಗಳು ಕೂರಬಹುದು. ಆ ಸ್ಥಿತಿಯಲ್ಲಿ ತಿರುಗಿದರೆ ಹೆಡ್ ಮುರಿಯುತ್ತದೆ. ಮೇಜಿಗೆ ಬಡಿಯುವುದು, ಸುತ್ತಿಗೆಯಿಂದ ತಟ್ಟುವುದು ಅಂಟನ್ನು ಬಿಡಿಸುವುದಕ್ಕಿಂತ ಹೆಚ್ಚಾಗಿ ಹೆಡ್ಡನ್ನು ಕೀಳುತ್ತವೆ. ಮುಚ್ಚಳ ತೆಗೆದು ಬೆರಳಿನಿಂದ ತಟ್ಟೆ ತಿರುಗಿಸುವುದಂತೂ ಸಲ್ಲದು; ಧೂಳು ಒಳಸೇರಿದ ಡಿಸ್ಕನ್ನು ಉಳಿಸುವುದು ತಜ್ಞರಿಗೂ ಕಠಿನ.

ಒಂದು ಹಳೆಯ ಉಪಾಯಕ್ಕೆ ಮಾತ್ರ ತಾಂತ್ರಿಕ ಆಧಾರವಿದೆ. ತಟ್ಟೆಯ ಮೇಲೆಯೇ ಹೆಡ್ ಕೂರುವ 90ರ ದಶಕದ ಡಿಸ್ಕನ್ನು ಸಂಪರ್ಕವಿಲ್ಲದಿರುವಾಗ ಸಮತಟ್ಟಾಗಿ ಹಿಡಿದು, ತಟ್ಟೆ ತಿರುಗುವ ಸಮತಲದಲ್ಲಿಯೇ ಮಣಿಕಟ್ಟನ್ನು ಚುರುಕಾಗಿ ಒಂದೆರಡು ಸಲ ತಿರುವಿದರೆ ತಟ್ಟೆಗಳ ಜಡತ್ವದಿಂದ ಅಂಟು ಬಿಡಬಹುದು. ಹೆಡ್ ಹರಿಯುವ ಅಪಾಯ ಇದರಲ್ಲಿಯೂ ಇದೆ. ತಜ್ಞರಿಗೆ ಹಣ ತೆರುವಷ್ಟು ಬೆಲೆಯಿಲ್ಲದ ಮಾಹಿತಿಯ ಮೇಲೆ ಮಾತ್ರ, ಕೊನೆಯ ಪ್ರಯತ್ನವಾಗಿ, ಇದನ್ನು ಮಾಡಬಹುದು.

ತಿರುಗಿದ ಮೇಲೆ

ಡಿಸ್ಕ್ ಹೇಗೋ ತಿರುಗಿತೆಂದರೆ ಅದನ್ನು ಮತ್ತೆ ನಿಲ್ಲಿಸಬಾರದು. ಇನ್ನೊಂದು ಸಲ ತಿರುಗುವ ಭರವಸೆಯಿಲ್ಲ. ಆದ್ದರಿಂದ ಪ್ರತಿ ಮಾಡಿಕೊಳ್ಳಲು ಬೇಕಾದಷ್ಟು ಖಾಲಿ ಜಾಗವಿರುವ ಹೊಸ ಡಿಸ್ಕ್ ಮತ್ತು ಯುಪಿಎಸ್ ಸಂಪರ್ಕ ಮೊದಲೇ ಸಿದ್ಧವಾಗಿರಬೇಕು. ಸೆಕೆಂಡಿಗೆ 30 ಮೆಗಾಬೈಟ್ ವೇಗದಲ್ಲಿ 40 ಗಿಗಾಬೈಟ್‌ನ ಡಿಸ್ಕ್ ಸುಮಾರು 22 ನಿಮಿಷಗಳಲ್ಲಿಯೂ 500 ಗಿಗಾಬೈಟ್‌ನದು ಸುಮಾರು ನಾಲ್ಕೂವರೆ ಗಂಟೆಗಳಲ್ಲಿಯೂ ಪ್ರತಿಯಾಗುತ್ತದೆ. ಬೇರೆಲ್ಲಿಯೂ ಇಲ್ಲದ ಕಡತಗಳು ಮೊದಲು, ಉಳಿದವು ಬಳಿಕ.

ವಿಂಡೋಸ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡವೆನ್ನಬೇಕು. ದೋಷ ಸರಿಪಡಿಸುವ ಚೆಕ್‌ಡಿಸ್ಕ್ ತಂತ್ರಾಂಶವನ್ನೂ ಓಡಿಸಬಾರದು. ಅದು ಡಿಸ್ಕ್‌ನ ಮೇಲೆ ಬರೆಯುತ್ತದೆ. ಓದುವಾಗ ತಡೆ ಬರುತ್ತಿದ್ದರೆ ಲಿನಕ್ಸ್‌ನಲ್ಲಿ ದೊರೆಯುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಉಪಯುಕ್ತ. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಪ್ರತಿ ಮಾಡಿ, ಎಡವಿದ ಜಾಗಗಳನ್ನು ಗುರುತಿಟ್ಟುಕೊಂಡು, ಬಳಿಕ ಅವುಗಳತ್ತ ಮರಳುತ್ತದೆ.

ಇಲ್ಲಿ ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಎಚ್ಚರಿಕೆ ಅಗತ್ಯ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದರ ಬಳಿಕ ಬಹುಕಾಲ ನಮ್ಮ ಅಕ್ಷರಜೋಡಣೆ ನಡೆದುದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಂದಿನ ಫಾಂಟ್‌ಗಳಲ್ಲಿ. ಆ ಕಡತಗಳನ್ನು ಇಂದಿನ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿಬಿಟ್ಟರೆ, ಇಷ್ಟೆಲ್ಲ ಶ್ರಮದಿಂದ ಉಳಿಸಿದ್ದು ಕೈಯಿಂದಲೇ ಹೋದಂತೆ. ಮೂಲ ಫಾಂಟ್ ಇದ್ದರೆ ಅದು ಅಚ್ಚಗನ್ನಡವಾಗಿಯೇ ಕಾಣುತ್ತದೆ. ಆದುದರಿಂದ ಹಳೆಯ ಡಿಸ್ಕ್‌ನಿಂದ ಕಡತಗಳ ಜೊತೆಗೆ ವಿಂಡೋಸ್‌ನೊಳಗಿನ ಫಾಂಟ್ಸ್ ಫೋಲ್ಡರನ್ನೂ ತಪ್ಪದೆ ಪ್ರತಿ ಮಾಡಿಕೊಳ್ಳಬೇಕು. ನುಡಿ ಮತ್ತು ಬರಹದ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ದೊರೆಯುತ್ತವೆ. ಸ್ಮರಣ ಸಂಚಿಕೆಗಳನ್ನು ಜೋಡಿಸಿದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ 2001ರಲ್ಲಿ ಬಂದ 7.0. ಅಂಥ ಕಡತಗಳನ್ನು ತೆರೆಯಬಲ್ಲ ಹಳೆಯ ಗಣಕ ಇನ್ನೂ ನಡೆಯುತ್ತಿರುವಾಗಲೇ ಪಿಡಿಎಫ್ ರೂಪಕ್ಕೆ ತಂದುಕೊಳ್ಳುವುದು ಲೇಸು.

ತಜ್ಞರ ಬಳಿಗೆ ಹೋಗುವಾಗ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್‌ನಂತಹ ಪೇಟೆಗಳಲ್ಲಿ ಡಾಟಾ ರಿಕವರಿ ಎಂಬ ಫಲಕಗಳು ಅನೇಕ. ಡಿಸ್ಕನ್ನು ಒಪ್ಪಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಮುಚ್ಚಳ ತೆರೆಯಬೇಕಾಗಿ ಬಂದರೆ ಧೂಳುರಹಿತ ಕೋಣೆ ತಮ್ಮಲ್ಲಿಯೇ ಇದೆಯೆ? ತೆರೆಯುವ ಮುನ್ನ ನಮ್ಮ ಒಪ್ಪಿಗೆ ಕೇಳುವರೆ? ಮಾಹಿತಿ ದೊರೆಯದಿದ್ದರೆ ಶುಲ್ಕವೆಷ್ಟು? ಹಣ ಕೊಡುವ ಮೊದಲು ದೊರೆತ ಕಡತಗಳ ಪಟ್ಟಿ ತೋರಿಸುವರೆ? ಉತ್ತರಗಳು ಲಿಖಿತವಾಗಿರಲಿ. ಡಿಸ್ಕ್‌ಗೆ ಈವರೆಗೆ ಏನೇನು ಮಾಡಲಾಗಿದೆ ಎಂಬುದನ್ನು ಮುಚ್ಚಿಡದೆ ತಿಳಿಸಿದರೆ ಅವರ ಕೆಲಸವೂ ಹಗುರವಾಗುತ್ತದೆ. ಸಾಗಿಸುವಾಗ ಸ್ಥಾಯೀ ವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಸುತ್ತ ದಪ್ಪನೆಯ ಸ್ಪಂಜು ಹೊದಿಸಬೇಕು.

ಮುಂದಿನ ಜೋಪಾಸನೆ

ಉಳಿದುಬಂದ ಮಾಹಿತಿಗೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ. ಊರಿನಲ್ಲಿ ಮನೆ, ನಗರದಲ್ಲಿ ಉದ್ಯೋಗವಿರುವ ಹೊರನಾಡ ಕನ್ನಡಿಗರಿಗೆ ಮೂರನೆಯದು ಕಷ್ಟವಲ್ಲ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಇಟ್ಟರೆ ಪೆನ್ ಡ್ರೈವ್ ಮತ್ತು ಎಸ್‌ಎಸ್‌ಡಿಗಳಲ್ಲಿನ ವಿದ್ಯುದಾವೇಶ ಕ್ರಮೇಣ ಸೋರಿಹೋಗುವುದರಿಂದ ಅವುಗಳೊಂದನ್ನೇ ನೆಚ್ಚಬಾರದು. ವರ್ಷಕ್ಕೊಮ್ಮೆ ಎಲ್ಲ ಪ್ರತಿಗಳನ್ನೂ ತೆರೆದು ನೋಡಬೇಕು. ಬಳಕೆಯಲ್ಲಿರುವ ಡಿಸ್ಕ್‌ನ ಸ್ಮಾರ್ಟ್ ವರದಿಯಲ್ಲಿ ಸ್ಪಿನ್ ರಿಟ್ರೈ ಕೌಂಟ್ ಎಂಬ ಎಣಿಕೆ ಏರುತ್ತಿದ್ದರೆ ಅದು ತಿರುಗಲು ತಡವರಿಸುತ್ತಿದೆಯೆಂದು ತಿಳಿದು ಕೂಡಲೇ ಪ್ರತಿ ಮಾಡಿಕೊಳ್ಳಬೇಕು.

ಕೊನೆಯದಾಗಿ, ತಿರುಗದ ಡಿಸ್ಕನ್ನು ಹಾಗೆಯೇ ಗುಜರಿಗೆ ಹಾಕಬಾರದು. ಅದರಲ್ಲಿ ಸದಸ್ಯರ ವಿಳಾಸ, ಲೆಕ್ಕಪತ್ರಗಳೆಲ್ಲ ಇನ್ನೂ ಇವೆ, ಬಲ್ಲವರು ಓದಬಲ್ಲರು. ಇನ್ನು ಬೇಡವೆಂದು ನಿಶ್ಚಯವಾದ ಮೇಲೆ ತಟ್ಟೆಗಳಿಗೆ ತೂತು ಕೊರೆಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು. ಆ ನಿಶ್ಚಯ ಆಗುವವರೆಗೆ ಡಿಸ್ಕ್‌ನ ಮೇಲೆ ವರ್ಷವನ್ನೂ ಒಳಗಿರುವುದರ ವಿವರವನ್ನೂ ಬರೆದ ಚೀಟಿ ಅಂಟಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಒಣ ಜಾಗದಲ್ಲಿ ಇರಿಸುವುದು ಸಂಘದ ಕಾರ್ಯದರ್ಶಿಗಳ ಹೊಣೆ.